ಅಲಾರಮ್ಮಿಗೆ ಮೌನವ್ರತ ಕೊಟ್ಟವನು

ಕಳ್ಳನಿಲ್ಲದೆ ಕಾರು ಯಾಕೆ ಕೂಗುತ್ತದೆ ಎಂದು ಕಂಡುಹಿಡಿಯುವುದೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಹೊಟ್ಟೆಪಾಡಾಗಿತ್ತು. ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ಅಂಗಡಿ ಇಟ್ಟದ್ದು ಹಲಸೂರಿನಲ್ಲಿ, ಅನ್ನ ಹಾಕಿದ್ದು ಇಂದಿರಾನಗರದ ಕಾರುಗಳು. ಈಗ ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದರೆ ಹೊರಗೆ ಬರಲು ಇಬ್ಬರು ಎಳೆಯಬೇಕು. ಹಾಗಾಗಿ ಅಂಗಡಿ ಮುಚ್ಚಿದೆ.

ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಸೇರಿ ಒಂದು ನೋಟ್‌ಬುಕ್ ತಂದುಕೊಟ್ಟು, "ಮುನಿರಾಜಣ್ಣ, ಹೊಸಬರು ಬರ್ತಾವ್ರೆ. ಫೋನಲ್ಲಿ ವಿಡಿಯೋ ನೋಡ್ಕೊಂಡು ವೈರ್ ಕಟ್ ಮಾಡ್ತಾವ್ರೆ. ನಿಮ್ ಅನುಭವ ಬರ್ಕೊಡಿ" ಎಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಉಬ್ಬಿಹೋಗಿ ಒಂದು ವಾರದಲ್ಲಿ ಹದಿನಾಲ್ಕು ಪುಟ ಬರೆದೆ. ಓದಿ ನೋಡಿದರೆ ಅದರಲ್ಲಿದ್ದ ಮುನಿರಾಜು ಒಂದು ತಪ್ಪನ್ನೂ ಮಾಡದ ಮನುಷ್ಯ. ಅಂಥವನನ್ನು ನಾನು ಹಲಸೂರಿನಲ್ಲಿ ಎಲ್ಲೂ ನೋಡಿಲ್ಲ. ಹದಿನಾಲ್ಕು ಪುಟವನ್ನೂ ಹರಿದು ಹಾಕಿದೆ.

ನಿಜ ಏನೆಂದರೆ, ನಾನು ಕಡಿದ ಒಂದು ವೈರಿನಿಂದ ಮಲ್ಲಪ್ಪ ಎಂಬ ಡ್ರೈವರ್ ತನ್ನ ಕೆಲಸವನ್ನೂ ಒಳ್ಳೆಯ ಹೆಸರನ್ನೂ ಕಳೆದುಕೊಂಡ. ಅವನಿಗೆ ಅದನ್ನು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಅದನ್ನು ಬರೆಯದೆ ಬೇರೆ ಏನು ಬರೆದರೂ ಬುರುಡೆ. ಆದರೆ ವೈರು ಕಡಿಯುವುದಕ್ಕೆ ಮುಂಚೆ ಕೆಲಸ ಕಲಿಯಬೇಕಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಉಸ್ತಾದ್ ಅಜೀಜ್ ಭಾಯ್. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಂದು ಶಟರ್, ಎರಡು ಸ್ಟೂಲ್, ಗೋಡೆ ತುಂಬ ನೇತಾಡುವ ವೈರು. ಕಾರುಗಳು ನಿಲ್ಲುತ್ತಿದ್ದದ್ದು ರಸ್ತೆಯಲ್ಲಿ. ಅವರು ದಖನಿ ಉರ್ದುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಬೈಯುವಾಗ ಮಾತ್ರ ತಮಿಳನ್ನೂ ಸೇರಿಸುತ್ತಿದ್ದರು. ಗಿರಾಕಿ ಬಂದು "ಭಾಯ್, ಗಾಡಿ ಸುಮ್‌ಸುಮ್ನೆ ಕೂಗತ್ತೆ, ಏನೋ ಗಾಳಿ ಸೋಕಿರ್ಬೇಕು" ಎಂದರೆ ಭಾಯ್ ನನ್ನ ಕಡೆ ತಿರುಗಿ, "ಪಹಲೇ ಬ್ಯಾಟರಿ ದೇಖ್ ರೇ. ಗಾಳಿ, ಭೂತ ಎಲ್ಲಾ ಆಮೇಲೆ" ಎನ್ನುತ್ತಿದ್ದರು.

ಈ ಒಂದು ಮಾತಿಗೆ ನೀವು ಕಿವಿಗೊಟ್ಟರೆ ಅರ್ಧ ಕೆಲಸ ಕಲಿತ ಹಾಗೆ. ಸುಮ್ಮನೆ ಕೂಗುವ ಹತ್ತು ಕಾರುಗಳು ಬಂದರೆ ಅದರಲ್ಲಿ ನಾಲ್ಕೈದರಲ್ಲಿ ಬ್ಯಾಟರಿ ಸೋತಿರುತ್ತದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿರುತ್ತದೆ. ಕರೆಂಟು ಕುಸಿದಾಗ ಅಲಾರಮ್ಮಿನ ಡಬ್ಬಿಗೆ ಯಾರೋ ವೈರು ಕಿತ್ತರು ಅನ್ನಿಸುತ್ತದೆ, ಕೂಗುತ್ತದೆ. ಪಾಪ, ಅದರ ಬುದ್ಧಿ ಅಷ್ಟೇ. ಉಳಿದವುಗಳಲ್ಲಿ ಬಾನೆಟ್ಟಿನ ಸ್ವಿಚ್ಚಿಗೆ ತುಕ್ಕು, ಬಾಗಿಲ ಸ್ವಿಚ್ಚಿಗೆ ನೀರು, ಇಲ್ಲವೇ ಅಲುಗಾಟ ಹಿಡಿಯುವ ಸೆನ್ಸರನ್ನು ಯಾರೋ ಉತ್ಸಾಹದಿಂದ ಪೂರ್ತಿ ತಿರುಗಿಸಿರುವುದು. ಹಾಗೆ ತಿರುಗಿಸಿದರೆ ಪಕ್ಕದ ಬೀದಿಯಲ್ಲಿ ನೀರಿನ ಟ್ಯಾಂಕರ್ ಹೋದರೂ ಕಾರು ಅಳುತ್ತದೆ. ರಿಮೋಟ್ ಕೆಲಸ ಮಾಡುವುದಿಲ್ಲ ಎಂದು ಗರುಡಾಚಾರ್‌ಪಾಳ್ಯದಿಂದ ಒಬ್ಬ ಕಂಪ್ಯೂಟರ್ ಸಾಹೇಬರು ಫೋನ್ ಮಾಡಿ, "ಯಾರೋ ನನ್ ಕಾರ್ ಹ್ಯಾಕ್ ಮಾಡಿದಾರೆ" ಎಂದು ನಡುಗಿದ್ದರು. ರಿಮೋಟಿನ ಬಿಲ್ಲೆ ಬ್ಯಾಟರಿ ಬದಲಾಯಿಸಿದ ಮೇಲೆ ಹ್ಯಾಕರ್ ಓಡಿಹೋದ.

ಹಲಸೂರಿನಲ್ಲಿ ಅಂಗಡಿ ಇಟ್ಟ ಹೊಸತು. ನಮ್ಮ ಸಂದಿಯಲ್ಲೇ ಒಬ್ಬ ಬ್ಯಾಂಕಿನವರ ಕಾರು ದಿನಾ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಕೂಗುತ್ತಿತ್ತು. ಅವರು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಕಾರು ಭಾನುವಾರಕ್ಕೆ ಮಾತ್ರ. ನಾನು ಸೆನ್ಸರ್ ಬದಲಿಸಿದೆ. ಮಾರನೆಯ ದಿನ ಹತ್ತೂವರೆಗೆ ಕೂಗಿತು. ಡಬ್ಬಿಯನ್ನೇ ಬದಲಿಸಿದೆ. ಮತ್ತೆ ಹತ್ತೂವರೆಗೆ ಕೂಗಿತು. ಬುದ್ಧಿಯೆಲ್ಲ ಮುಗಿದ ಮೇಲೆ ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಕಾರನ್ನೇ ನೋಡತೊಡಗಿದೆ. ಹತ್ತೂವರೆಗೆ ಹೂವಿನವಳು ಬಂದು ಕೂಗಿದಳು. ಮೊದಲ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿದು ಬಂದು ಕಾರಿನ ನೆತ್ತಿಯ ಮೇಲೆ ಟಪ್ಪೆಂದು ಕೂತಿತು. ಕಾರು ಕಿರುಚಿತು. ಮೇಲೆ ನಿಂತಿದ್ದ ಅಜ್ಜಿ ಮೊಳ ಮಲ್ಲಿಗೆ ಬುಟ್ಟಿಗೆ ಬೀಳುವವರೆಗೂ ಕದಲದೆ ನಿಂತು, ಎಳೆದುಕೊಳ್ಳುತ್ತಾ ಬೈದರು: "ದರಿದ್ರ ಗಾಡಿ ತಂದ್ ನಿಲ್ಸವ್ರೆ, ದೇವ್ರಿಗೆ ಹೂ ತಗೊಳಕ್ಕೂ ಬಿಡಲ್ಲ!"

"ಅಮ್ಮಾ, ಅದು ನಿಮ್ ಮಗನ್ ಗಾಡಿನೇ" ಎಂದೆ.

"ಗೊತ್ತು. ಅವ್ನಿಗೂ ಇದೇ ಹೇಳಿದೀನಿ."

ಕಾರನ್ನು ಎರಡು ಅಡಿ ಮುಂದೆ ನಿಲ್ಲಿಸಿದೆವು. ರೋಗ ವಾಸಿಯಾಯಿತು. ಕಾರು ಬಿಚ್ಚುವ ಮುಂಚೆ ಅದು ನಿಂತಿರುವ ಜಾಗವನ್ನು ನೋಡಿ ಎಂದು ನಾನು ಹೇಳುವುದು ಅದಕ್ಕೇ. ಎರಡು ಸಲ ಬಿಚ್ಚಿದ ಮೇಲೆ ನನಗೆ ಗೊತ್ತಾದದ್ದು ಇದು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಕಂಪನಿ ಅಲಾರಂ ಒಳ್ಳೆಯದೋ, ಹೊರಗಡೆ ಹಾಕಿಸುವುದು ಒಳ್ಳೆಯದೋ? ಅಜೀಜ್ ಭಾಯ್ ಹೇಳುತ್ತಿದ್ದರು, "ಕಂಪನಿ ಅಲಾರಂ ಗೌರ್ಮೆಂಟ್ ಆಫೀಸರ್ ಇದ್ದಂಗೆ. ಎಷ್ಟ್ ಬೇಕೋ ಅಷ್ಟೇ ಬಾಯ್ ಬಿಡ್ತದೆ. ಹೊರಗಿಂದು ಶಾದಿ ಬ್ರೋಕರ್. ಬೇಕಿದ್ರೂ ಬಾಯಿ, ಬೇಡದಿದ್ರೂ ಬಾಯಿ." ನನ್ನ ಕಾಲಕ್ಕೆ ಬರುತ್ತಿದ್ದ ಹಳೆಯ ಕಾರುಗಳಿಗೆ ಬ್ರೋಕರೇ ಗತಿ, ಯಾಕೆಂದರೆ ಅವುಗಳಲ್ಲಿ ಆಫೀಸರೇ ಇರುತ್ತಿರಲಿಲ್ಲ. ನಾವು ಬಾಗಿಲಿಂದ ಒಂದು ವೈರು, ಬಾನೆಟ್ಟಿಂದ ಒಂದು, ಡಿಕ್ಕಿಯಿಂದ ಒಂದು ಎಳೆದು ಡಬ್ಬಿಗೆ ಸೇರಿಸುತ್ತಿದ್ದೆವು. ಯಾವ ಬಾಗಿಲು ತೆಗೆದರೂ ಕೂಗಬೇಕು, ಅಷ್ಟೇ ವಿದ್ಯೆ. ಸೇರಿಸಿದವನಿಗೆ ಯಾವ ವೈರು ಎಲ್ಲಿ ಹೋಗಿದೆ ಎಂದು ಗೊತ್ತಿರುತ್ತಿತ್ತು. ಎಷ್ಟೋ ಸಲ ಅವನೊಬ್ಬನಿಗೇ ಗೊತ್ತಿರುತ್ತಿತ್ತು.

ಹೊಸ ಕಾರುಗಳು ಬಂದ ಮೇಲೆ ಈ ವಿದ್ಯೆ ಕೈಕೊಟ್ಟಿತು. ಕಲ್ಯಾಣ ನಗರದ ಒಬ್ಬರು ಆಗತಾನೇ ಕಾರು ತಂದಿದ್ದರು. ಕಂಪನಿ ಅಲಾರಂ ಇತ್ತು. "ಇದರ ಸೌಂಡ್ ನಾಚ್ಕೊಂಡಂಗಿದೆ ಮುನಿರಾಜು, ಜೋರಾಗಿ ಕೂಗೋದು ಹಾಕಿ" ಎಂದರು. ಷೋರೂಮಿನವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಜಂಬದಲ್ಲಿ ನಾನು ಅದರ ವೈರಿಗೆ ಕೈ ಹಾಕಿದೆ. ಹಳೆಯ ಪದ್ಧತಿಯಂತೆ ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿದೆ. ರಿಮೋಟ್ ಒತ್ತಿದರೆ ಬಾಗಿಲು ಲಾಕ್ ಆಗುವ ಬದಲು ವೈಪರ್ ಎದ್ದು ಗಾಜು ಒರೆಸಿತು. ಎರಡನೆಯ ಸಲ ಒತ್ತಿದಾಗ ವೈಪರೂ ನಿಂತಿತು, ಕಾರೂ ನಿಂತಿತು. ಅದನ್ನು ಎಳೆದುಕೊಂಡು ಷೋರೂಮಿಗೆ ಹೋಗಬೇಕಾಯಿತು. ಅಲ್ಲಿ ಸರ್ವಿಸ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, ನನ್ನ ಮಗಳಿಗಿಂತ ಚಿಕ್ಕವಳು, ನಾನು ತಿರುಚಿದ ಜಾಯಿಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಣ್ಣಾ, ಇದು ವೈರಾ, ಜಡೆನಾ?" ಎಂದಳು. ಸುತ್ತ ನಿಂತವರೆಲ್ಲ ನಕ್ಕರು. ಗಿರಾಕಿ ಮಾತ್ರ ನಗಲಿಲ್ಲ.

ಆದರೆ ಆ ಹುಡುಗಿ ಒಳ್ಳೆಯವಳು. ಹೊಸ ಕಾರಿನಲ್ಲಿ ಡಬ್ಬಿಗಳೆಲ್ಲ ಒಂದೇ ಜೋಡಿ ತೆಳು ವೈರಿನಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ನೀವು ನಡುವೆ ಕತ್ತರಿ ಹಾಕಿದರೆ ಎಲ್ಲದಕ್ಕೂ ಮತಿ ಕೆಡುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ಅವತ್ತಿಂದ ನನ್ನ ಸಲಹೆ ಒಂದೇ. ಕಾರಿನಲ್ಲಿ ಕಂಪನಿ ಅಲಾರಂ ಇದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಸಾಲದು ಎನಿಸಿದರೆ ಆ ಕಾರಿಗೆಂದೇ ಮಾಡಿದ, ವೈರು ಕಡಿಯದೆ ಪ್ಲಗ್ಗಿಗೆ ಪ್ಲಗ್ ಕೂರುವಂಥದ್ದನ್ನು ಹಾಕಿಸಿ, ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ ಹಾಕಿಸಿ. ಹಳೆಯ ಕಾರಿಗೆ ಹೊರಗಿನದೇ ಸರಿ. ಆದರೆ ಅಲಾರಮ್ಮಿಗಿಂತ ಅದನ್ನು ಕೂರಿಸುವವನನ್ನು ನೋಡಿ ಆರಿಸಿ. ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಒಂದೇ. ಕೈಗಳು ಒಂದೇ ಅಲ್ಲ.

ನನ್ನ ಕೈಯ ವಿಷಯಕ್ಕೇ ಬರುತ್ತೇನೆ.

ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿ ಇತ್ತು. ಯಾವುದಾದರೂ ಸ್ವಿಚ್ಚು ಕೆಟ್ಟು ಅಲಾರಂ ಹಗಲಿರುಳು ಕೂಗುತ್ತಿದ್ದು, ಹೊಸ ಸ್ವಿಚ್ಚು ಸಿಗಲು ತಡವಾದರೆ, ಆ ಸ್ವಿಚ್ಚಿನ ವೈರನ್ನು ಡಬ್ಬಿಯ ಹತ್ತಿರ ಕಡಿದುಬಿಡುತ್ತಿದ್ದೆವು. ಆ ಬಾಗಿಲು ತೆಗೆದರೆ ಕಾರು ಕೂಗುವುದಿಲ್ಲ, ಉಳಿದದ್ದಕ್ಕೆಲ್ಲ ಕೂಗುತ್ತದೆ. ಇದಕ್ಕೆ ನಾವು ಮೌನವ್ರತ ಕೊಡುವುದು ಎನ್ನುತ್ತಿದ್ದೆವು. ಅಜೀಜ್ ಭಾಯ್ ಅದಕ್ಕೊಂದು ಕಟ್ಟಳೆ ಮಾಡಿದ್ದರು: ಕಡಿದ ವೈರಿನ ತುದಿಗೆ ಕೆಂಪು ದಾರ ಕಟ್ಟಬೇಕು, ಕಾರಿನವರನ್ನು ಕರೆದು ತೋರಿಸಬೇಕು, ಈ ಬಾಗಿಲು ಈಗ ಮೂಗ ಎಂದು ಬಾಯಿಬಿಟ್ಟು ಹೇಳಬೇಕು. "ಕಡಿ, ಆದ್ರೆ ಬೋಲ್ ಕೇ ಕಡಿ" ಎನ್ನುತ್ತಿದ್ದರು. ಅವರ ಅಂಗಡಿಯಲ್ಲಿದ್ದಾಗ ಕೆಂಪು ದಾರದ ಉಂಡೆ ಯಾವಾಗಲೂ ನನ್ನ ಜೇಬಿನಲ್ಲಿರುತ್ತಿತ್ತು. ನನ್ನದೇ ಅಂಗಡಿ ಆದ ಮೇಲೆ ದಾರದ ಉಂಡೆ ಮುಗಿಯಿತು. ಮತ್ತೆ ತರಲಿಲ್ಲ.

ಇಂದಿರಾನಗರದಲ್ಲಿ ಸುಲೋಚನಾ ಮೇಡಂ ಎಂದು ಒಬ್ಬರಿದ್ದರು, ರಿಟೈರ್ ಆದ ಹೆಡ್‌ಮಿಸ್ಟ್ರೆಸ್. ಯಜಮಾನರು ಬಿಟ್ಟುಹೋದ ಹಳೆಯ ಕಾರು ಅವರದು. ನಾನು ಬರೆದುಕೊಟ್ಟ ರಸೀದಿಯ ಕನ್ನಡವನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕೊಡುತ್ತಿದ್ದ ಗಿರಾಕಿ ಅವರೊಬ್ಬರೇ. ಕಾರು ಓಡಿಸುತ್ತಿದ್ದವನು ಮಲ್ಲಪ್ಪ. ಯಾದಗಿರಿ ಕಡೆಯವನು, ಕಟ್ಟಡದ ಕೆಲಸಕ್ಕೆಂದು ಹೆಂಡತಿಯ ಜೊತೆ ಬಂದು, ಡ್ರೈವಿಂಗ್ ಕಲಿತು, ಕೆ.ಆರ್. ಪುರದ ಸ್ಟೇಷನ್ ಹಿಂದೆ ಒಂದು ರೂಮು ಮಾಡಿಕೊಂಡಿದ್ದ. ಬೆಳಿಗ್ಗೆ ಎಂಟಕ್ಕೆಲ್ಲ ಬಸ್ಸಿನಲ್ಲಿ ಬಂದು ಕಾರು ಒರೆಸುತ್ತಿದ್ದ. ನನ್ನನ್ನು ಅಣ್ಣಾರ ಎನ್ನುತ್ತಿದ್ದ.

ಒಂದು ಮಳೆಗಾಲ ಆ ಕಾರಿನ ಡಿಕ್ಕಿಯ ರಬ್ಬರು ಹರಿದು ಒಳಗಿನ ಸ್ವಿಚ್ಚಿಗೆ ನೀರು ಇಳಿಯಿತು. ಅಲಾರಂ ಹೊತ್ತುಗೊತ್ತಿಲ್ಲದೆ ಕೂಗತೊಡಗಿತು. ಎದುರು ಮನೆಯವರು ಜಗಳಕ್ಕೆ ಬಂದರು. ಮೇಡಂ ದಿನಕ್ಕೆ ಮೂರು ಸಲ ಫೋನ್ ಮಾಡಿ, "ಮುನಿರಾಜು, ನೀವು ಕಲಿತದ್ದು ಯಾವ ಶಾಲೆಯಲ್ಲಿ?" ಎಂದು ಕೇಳುತ್ತಿದ್ದರು. ನಾನು ಹೋಗಿ ನೋಡಿದೆ. ಹೊಸ ಸ್ವಿಚ್ಚು ಸಿಗಲು ಹದಿನೈದು ದಿನ ಬೇಕಿತ್ತು. ಇನ್ನೂ ಹದಿನೈದು ದಿನ ಎಂದರೆ ಮೇಡಂ ಏನೆನ್ನುತ್ತಾರೋ ಎಂದು ಹೆದರಿ ಡಿಕ್ಕಿಯ ವೈರನ್ನು ಕಡಿದೆ. ಎಲ್ಲ ಬಾಗಿಲೂ ತೆಗೆದು ಕೂಗಿಸಿ ತೋರಿಸಿದೆ. ಡಿಕ್ಕಿಯನ್ನು ಬಿಟ್ಟು.

"ಸರಿಹೋಯ್ತಾ?" ಎಂದರು.

"ಪಕ್ಕಾ ಮೇಡಂ."

"ಜಾಣ" ಎಂದರು. ಐವತ್ತು ದಾಟಿದವನಿಗೆ ಆ ಒಂದು ಶಬ್ದ ಎಷ್ಟು ಖುಷಿ ಕೊಟ್ಟಿತೆಂದರೆ, ದಾರದ ನೆನಪೂ ಬರಲಿಲ್ಲ, ಹೇಳಬೇಕೆಂಬುದೂ ನೆನಪಾಗಲಿಲ್ಲ. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನೆನಪಾಗಿತ್ತು. ಜಾಣ ಎಂದ ಮೇಲೆ ಹೇಳಲು ಮನಸ್ಸಾಗಲಿಲ್ಲ, ಅಷ್ಟೇ.

ಹೊಸ ಸ್ವಿಚ್ಚು ಬಂತು. ಅಂಗಡಿಯ ಡ್ರಾಯರಿನಲ್ಲಿ ಮೂರು ವಾರ ಬಿದ್ದಿತ್ತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುತ್ತಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಹಲಸೂರು ಕೆರೆಯ ಹತ್ತಿರ ಮೇಡಂ ಕಾರಿನ ಟೈರು ಪಂಕ್ಚರ್ ಆಯಿತು. ಮಲ್ಲಪ್ಪ ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಜಾಕೂ ಇಲ್ಲ. ಡಿಕ್ಕಿಯ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮೇಡಂ ಆಟೋ ಹತ್ತಿ ಮನೆಗೆ ಬಂದವರೇ ನನಗೆ ಫೋನ್ ಮಾಡಿದರು. "ಯಾರಾದರೂ ಕದ್ದಿದ್ದರೆ ಅಲಾರಂ ಕೂಗಬೇಕಿತ್ತು. ರಿಮೋಟ್ ಇರುವುದು ಅವನ ಜೇಬಿನಲ್ಲಿ. ಬಂದು ನೋಡಿ."

ಫೋನ್ ಇಡುವ ಮುಂಚೆಯೇ ನನಗೆ ಅರ್ಥವಾಗಿತ್ತು. ಆ ಹಳೆಯ ಬೀಗ ಯಾವ ಕೀ ಹಾಕಿದರೂ ತಿರುಗುವಷ್ಟು ಸವೆದಿತ್ತು. ಕೂಗಬೇಕಾದ ಅಲಾರಮ್ಮಿಗೆ ನಾನೇ ಬಾಯಿ ಕಟ್ಟಿದ್ದೆ. ಈಗ ನಾನು ಮಾಡಿದ್ದನ್ನು ಬರೆಯುತ್ತೇನೆ. ಡ್ರಾಯರಿನಿಂದ ಹೊಸ ಸ್ವಿಚ್ಚು ತೆಗೆದು ಜೇಬಿಗೆ ಹಾಕಿಕೊಂಡು ಹೊರಟೆ.

ಮೇಡಂ ಗೇಟಿನೊಳಗೆ ನಿಂತಿದ್ದರು. ಮಲ್ಲಪ್ಪ ಹೊರಗೆ, ಪಂಕ್ಚರ್ ಹಾಕಿಸಿ ತಂದ ಕಾರಿನ ಪಕ್ಕ.

"ನನಗೆ ಒಂದೇ ಉತ್ತರ ಬೇಕು ಮುನಿರಾಜು. ಈ ಅಲಾರಂ ಕೆಲಸ ಮಾಡ್ತಿದೆಯೋ ಇಲ್ಲವೋ?"

"ನೋಡಿ ಹೇಳ್ತೀನಿ ಮೇಡಂ. ಹತ್ತು ನಿಮಿಷ."

ಮಲ್ಲಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಣ್ಣಾರ, ಹೋದ ವಾರ ಕಾಯಿಪಲ್ಲೆ ಚೀಲ ಇಡ್ಲಾಕ ಡಿಕ್ಕಿ ತಗದಿದ್ನ್ರಿ. ರಿಮೋಟ್ ಒತ್ತೂದ ಮರ್ತಿದ್ದೆ. ಆದ್ರೂ ಕೂಗ್ಲಿಲ್ರಿ ಅದು. ಚಂದಂಗಿ ನೋಡ್ರಿ."

"ನೋಡೋಣ ಇರಪ್ಪ" ಎಂದು ಡಿಕ್ಕಿಯೊಳಗೆ ತಲೆ ತೂರಿಸಿದೆ. ಹಳೆಯ ಸ್ವಿಚ್ಚು ಬಿಚ್ಚಿ ಜೇಬಿಗೆ, ಜೇಬಿನದು ಅದರ ಜಾಗಕ್ಕೆ. ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿ ಕಡಿದ ವೈರನ್ನು ಸೇರಿಸಿ ಕರಿ ಟೇಪು ಸುತ್ತಿದೆ. ಜೀವಮಾನದಲ್ಲಿ ಅಷ್ಟು ಬೇಗ, ಅಷ್ಟು ಅಚ್ಚುಕಟ್ಟಾಗಿ ಇನ್ನೊಂದು ಕೆಲಸ ಮಾಡಿಲ್ಲ. ಆಮೇಲೆ ರಿಮೋಟ್ ಒತ್ತಿ ಲಾಕ್ ಮಾಡಿ, ಮೇಡಂ ನೋಡುತ್ತಿದ್ದಂತೆ ಕೀ ಹಾಕಿ ಡಿಕ್ಕಿ ಎತ್ತಿದೆ. ಅಲಾರಂ ಇಡೀ ಬೀದಿಗೆ ಕೇಳುವಂತೆ ಕೂಗಿತು.

"ಕೂಗ್ತಲ್ಲ" ಎಂದರು ಮೇಡಂ.

"ಹೋದ ವಾರ ನಾ ತಗದಾಗ ಕೂಗಿಲ್ರೀ ಮೇಡಂ" ಎಂದ ಮಲ್ಲಪ್ಪ.

ಇಬ್ಬರೂ ನನ್ನನ್ನು ನೋಡಿದರು. ನಾನು ಹೇಳಿದೆ: "ರಿಮೋಟ್ ಒತ್ತಿರ್ತೀಯ ಬಿಡಪ್ಪ, ನೆನಪಿರಲ್ಲ. ಮೆಷಿನ್ ಸುಳ್ಳು ಹೇಳಲ್ಲ."

ಮೇಡಂ ಪೊಲೀಸರಿಗೆ ಕೊಡಲಿಲ್ಲ. "ನಾಳೆಯಿಂದ ಬರಬೇಡ" ಎಂದರು, ಅಷ್ಟೇ. ಅವನು ಕೀಯನ್ನೂ ರಿಮೋಟನ್ನೂ ಗೇಟಿನ ಕಂಬದ ಮೇಲಿಟ್ಟು, ಒರೆಸುವ ಬಟ್ಟೆಯನ್ನು ಮಡಿಸಿ ಅದರ ಪಕ್ಕ ಇಟ್ಟು ಹೋದ. ಆ ಬೀದಿಯ ತುದಿಯಲ್ಲಿ ಟೀ ಅಂಗಡಿಯ ಮುಂದೆ ಮನೆ ಕಾರುಗಳ ಡ್ರೈವರುಗಳೆಲ್ಲ ಸೇರುತ್ತಿದ್ದರು. ಯಾರ ಮನೆಗೆ ಡ್ರೈವರ್ ಬೇಕು, ಯಾರು ಒಳ್ಳೆಯವರು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ಅವರಲ್ಲಿ ದೊರೈ ಎಂಬ ಹಿರಿಯ ಡ್ರೈವರ್ ಅವತ್ತೇ ಸಂಜೆಯೊಳಗೆ ಅವನಿಗೆ ಸ್ಟೆಪ್ನಿ ಮಲ್ಲಪ್ಪ ಎಂದು ಹೆಸರಿಟ್ಟ. ಎಲ್ಲರೂ ನಕ್ಕರು. ಆ ಹೆಸರಿನವನಿಗೆ ಇಂದಿರಾನಗರದಲ್ಲಿ ಮತ್ತೆ ಯಾರೂ ಕಾರು ಕೊಡಲಿಲ್ಲ.

ಅಜೀಜ್ ಭಾಯ್‌ಗೆ ಹೇಳಿದೆ. ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅವರು ಬೈಯಲೇ ಇಲ್ಲ. "ಜಾ, ಆ ಅಮ್ಮನಿಗೆ ಹೇಳಿ ಬಾ" ಎಂದರು. ಹೂಂ ಎಂದೆ. ಪ್ರತಿ ರಂಜಾನಿಗೆ ಅವರ ಮನೆಗೆ ಹೋದಾಗ ತಟ್ಟೆ ಮುಂದಿಟ್ಟು ಕೇಳುತ್ತಿದ್ದರು, "ಹೇಳಿದ್ಯಾ?" "ಹೇಳ್ತೀನಿ ಭಾಯ್." "ಖಾ, ಬಿರಿಯಾನಿ ತಣ್ಣಗಾಗ್ತದೆ." ಮೂರು ರಂಜಾನ್ ಹೀಗೇ ಆಯಿತು. ನಾಲ್ಕನೆಯದಕ್ಕೆ ಭಾಯ್ ಇರಲಿಲ್ಲ. ಕೇಳುವವರಿಲ್ಲವಲ್ಲ ಎಂದು ಅಳುವಿನ ನಡುವೆಯೂ ಒಂದು ಕ್ಷಣ ಹಗುರವಾಯಿತು. ನಾನು ಎಂಥ ಮನುಷ್ಯ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಮಲ್ಲಪ್ಪ ಕೆ.ಆರ್. ಪುರದಲ್ಲೇ ಇದ್ದಾನೆ, ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಆಮೇಲೆ ಪಂಕ್ಚರ್ ಅಂಗಡಿ ಹಾಕಿದ್ದಾನೆ ಎಂದು ಕಿವಿಗೆ ಬಿದ್ದಿತ್ತು. ಅಂದಿನಿಂದ ನಾನು ಕೆ.ಆರ್. ಪುರದ ಮೇಲೆ ಹೋಗುವ ಹಳೆ ಮದ್ರಾಸು ರಸ್ತೆಯನ್ನೇ ಬಿಟ್ಟೆ. ಹೊಸಕೋಟೆಗೆ ಹೋಗಬೇಕಾದರೂ ಕಲ್ಯಾಣ ನಗರದ ಕಡೆಯಿಂದ ಸುತ್ತು ಹಾಕುತ್ತಿದ್ದೆ. "ಅಲ್ಲಿ ಟ್ರಾಫಿಕ್ ಜಾಸ್ತಿ" ಎಂದರೆ ಬೆಂಗಳೂರಿನಲ್ಲಿ ಯಾರೂ ಮುಂದಕ್ಕೆ ಕೇಳುವುದಿಲ್ಲ. ನಮ್ಮೂರಿನ ಟ್ರಾಫಿಕ್ಕಿನಿಂದ ಇಂಥದೊಂದು ಉಪಕಾರವೂ ಇದೆ.

ಹದಿನಾಲ್ಕು ಪುಟ ಹರಿದ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಹುಡುಕಬೇಕಾಗಲಿಲ್ಲ. ರಸ್ತೆ ಬದಿಯಲ್ಲೇ ಹಳದಿ ಬೋರ್ಡು: ಸ್ಟೆಪ್ನಿ ಮಲ್ಲಪ್ಪ ಪಂಕ್ಚರ್ ಶಾಪ್.

ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ನರೆತಿತ್ತು. ನನ್ನನ್ನು ಕಂಡು, "ಬರ್ರಿ ಅಣ್ಣಾರ, ಗಾಡಿ ಎಲ್ಲಿ?" ಎಂದ.

"ಗಾಡಿ ಇಲ್ಲ ಮಲ್ಲಪ್ಪ" ಎಂದೆ. ಬೋರ್ಡಿನ ಕಡೆ ನೋಡಿದೆ.

"ಹೆಸ್ರು ಹ್ಯಾಂಗೂ ಅಂಟ್ಕೊಂಡದ. ಅದೂ ಸ್ವಲ್ಪ ದುಡೀಲಿ ಅಂತ ಬೋರ್ಡಿಗಿ ಹಾಕೀನ್ರಿ" ಎಂದ.

ನಾನು ಎಲ್ಲವನ್ನೂ ಹೇಳಿದೆ. ವೈರು, ಜೇಬಿನ ಸ್ವಿಚ್ಚು, ಟೇಪು. ಅವನು ಟ್ಯೂಬು ತಿರುಗಿಸುತ್ತಲೇ ಇದ್ದ. ಗುಳ್ಳೆ ಸಿಕ್ಕ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಆಮೇಲೆ ತಲೆ ಎತ್ತಿದ.

"ನಂಗ ಗೊತ್ತಿತ್ರಿ. ಒರಸೂ ಬಟ್ಟಿ ತಗೊಳ್ಲಾಕ ಗಾಡ್ಯಾಗ ಹೋದಾಗ ಡ್ಯಾಶ್‌ಬೋರ್ಡ್ ಕೆಳಗ ಬಗ್ಗಿ ನೋಡಿದೆ. ಎಲ್ಲಾ ವೈರೂ ಧೂಳು ಕುಂತಿತ್ತು. ಒಂದ್ ಟೇಪ್ ಅಷ್ಟ ಮಿಂಚ್ಲಕತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ನಲ್ರೀ. ಮರುದಿನ ಗೇಟಿಗಿ ಹೋಗಿ ಮೇಡಮ್ಮೋರ್ಗ ಹೇಳ್ದೆ. 'ಮುನಿರಾಜು ಅಂಥವರಲ್ಲ' ಅಂದ್ರು."

ಪಕ್ಕದಲ್ಲಿ ಒಂದು ಹಳೆಯ ಲಾರಿ ಟೈರಿತ್ತು. ಅದರ ಮೇಲೆ ಕೂತೆ. "ನಾಳೇನೇ ಮೇಡಂ ಹತ್ರ ಹೋಗಿ ಹೇಳ್ತೀನಿ" ಎಂದೆ.

"ಅವ್ರ ತೀರ್ಕೊಂಡು ಎರಡ್ ವರ್ಷ ಆತ್ರಿ. ನಾ ಮಣ್ಣಿಗಿ ಹೋಗಿದ್ದೆ. ಗೇಟಿನ ಹೊರಗ ನಿಂತು ಕೈ ಮುಗ್ದು ಬಂದೆ."

ಅದೂ ನನಗೆ ಗೊತ್ತಿರಲಿಲ್ಲ. ಆ ಬೀದಿಯನ್ನೂ ನಾನು ಬಿಟ್ಟಿದ್ದೆನಲ್ಲ.

"ಹಂಗಾದ್ರೆ ನಾನೀಗ ಯಾರಿಗೆ ಹೇಳ್ಲಿ ಮಲ್ಲಪ್ಪ?"

ಅವನು ಕೈ ಒರೆಸಿಕೊಂಡ. "ಮೇಡಮ್ಮೋರು ಕೆಲ್ಸ ತಗದ್ರು. ಹೆಸ್ರು ಕೆಡ್ಸಿದೋರು ಅವ್ರಲ್ರಿ. ಆ ಟೀ ಅಂಗಡಿ ಇನ್ನೂ ಅದ. ಅಲ್ಲಿ ಬಂದು ಹೇಳ್ರಿ."

"ಅಲ್ಲಿ ಈಗ ಯಾರಿದಾರೆ? ಹನ್ನೆರಡು ವರ್ಷ ಆಯ್ತು."

"ಯಾರರ ಇರ್ಲಿ. ನಡೀರಿ."

ಶಟರ್ ಅರ್ಧ ಎಳೆದು ಅವನು ಬಂದೇಬಿಟ್ಟ. ಬಸ್ಸಿನಲ್ಲಿ ನನಗೆ ಸೀಟು ಹಿಡಿದುಕೊಟ್ಟು ತಾನು ನಿಂತ. ದಾರಿಯುದ್ದಕ್ಕೂ ಟೈರಿನ ವಿಷಯ ಮಾತಾಡಿದ. ಟ್ಯೂಬ್‌ಲೆಸ್ ಬಂದ ಮೇಲೆ ತೊಟ್ಟಿಯ ಕೆಲಸ ಕಡಿಮೆಯಂತೆ. ನಾನು ಹೂಂಗುಟ್ಟುತ್ತಿದ್ದೆ.

ಟೀ ಅಂಗಡಿಯ ಮುಂದೆ ಏಳೆಂಟು ಜನ ಇದ್ದರು. ಹೆಚ್ಚಿನವರು ಹೊಸಬರು, ಫೋನಿನಲ್ಲಿ ಬಾಡಿಗೆ ಕಾಯುವ ಕ್ಯಾಬ್‌ನವರು. ಹಳಬನೆಂದರೆ ಬೆಂಚಿನ ಮೇಲೆ ದೊರೈ ಒಬ್ಬನೇ.

"ಅಡಡಾ, ಯಾರ್ ಪಾ ಇದು! ಸ್ಟೆಪ್ನಿ! ಏನ್ ಗುರು, ಈ ಕಡೆ?" ಎಂದ ದೊರೈ. ಸುಮ್ಮನೆ ಕೂತಿದ್ದ ಹೊಸಬರೂ ಆ ಹೆಸರು ಕೇಳಿ ನಕ್ಕರು.

ಮಲ್ಲಪ್ಪ, "ಅಣ್ಣಾರು ಏನೋ ಹೇಳ್ತಾರಂತ" ಎಂದು ಪಕ್ಕಕ್ಕೆ ಸರಿದ.

ನಾನು ಹೇಳಿದೆ. ನೆಲ ನೋಡಿಕೊಂಡು ಏನೋ ಗೊಣಗಿದೆ. ಕ್ಯಾಬ್‌ನವನೊಬ್ಬ ಕಿವಿಯಿಂದ ಇಯರ್‌ಫೋನ್ ತೆಗೆದು, "ಏನಂತೆ ಮಗಾ, ಯಾವ್ದೋ ಟೈರ್ ಕಳೆದೋಯ್ತಂತಾ?" ಎಂದು ಪಕ್ಕದವನನ್ನು ಕೇಳಿದ.

"ಇನ್ನೊಮ್ಮೆ ಹೇಳ್ರಿ ಅಣ್ಣಾರ" ಎಂದ ಮಲ್ಲಪ್ಪ. "ಜೋರಾಗಿ."

ತಲೆ ಎತ್ತಿದೆ. "ಸುಲೋಚನಾ ಮೇಡಂ ಕಾರಿನ ಡಿಕ್ಕಿ ವೈರ್ ಕಡಿದವನು ನಾನು. ಅದಕ್ಕೇ ಅಲಾರಂ ಕೂಗಲಿಲ್ಲ. ಯಾರೋ ಕಳ್ಳ ಸ್ಟೆಪ್ನಿ ಹೊಡೆದ. ನಾನು ಗುಟ್ಟಾಗಿ ವೈರ್ ಸೇರಿಸಿ ಮಲ್ಲಪ್ಪನ ಮೇಲೆ ಸುಳ್ಳು ಹೇಳಿದೆ. ಅವನು ಏನೂ ತೆಗೆದ್ಕೊಂಡಿಲ್ಲ."

ರಸ್ತೆಯ ಆಚೆ ಇಸ್ತ್ರಿ ಮಾಡುತ್ತಿದ್ದವನೂ ಪೆಟ್ಟಿಗೆ ಎತ್ತಿ ನಿಲ್ಲಿಸಿ ನೋಡಿದ. ಟೀ ಸೋಸುತ್ತಿದ್ದವನು ಸೋಸುವುದನ್ನು ಬಿಟ್ಟ. ದೊರೈ ಗ್ಲಾಸನ್ನು ಬೆಂಚಿನ ಮೇಲಿಟ್ಟು ನನ್ನನ್ನು ನೋಡಿದ. ಅವನೂ ಮುದುಕನಾಗಿದ್ದ.

"ಕೂತ್ಕೋ ಮಲ್ಲಪ್ಪ" ಎಂದು ಸರಿದು ಬೆಂಚಿನಲ್ಲಿ ಜಾಗ ಮಾಡಿದ.

ಒಬ್ಬರಿಗೆ ಆಗುವಷ್ಟೇ ಜಾಗ. ಮಲ್ಲಪ್ಪ ಕೂತು ಮೂರು ಟೀ ಹೇಳಿದ. ನನ್ನದನ್ನು ನಾನು ನಿಂತುಕೊಂಡೇ ಕುಡಿದೆ.